ಪಂಚಾಮೃತದ ಯಾವ ಅಮೃತ ನಿಮ್ಮ ಹೊಟ್ಟೆಗೆ ಆಗದು?

ಎರಡು ವರ್ಷ ನಾನು ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರಿಗೆ ಎರಡು ದೊಡ್ಡ ಚಮಚ ಜೇನು ಬೆರೆಸಿ ಕುಡಿದೆ. ಮೈ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ತಿಂಡಿಯಾದ ಮೇಲೆ ಒಂದು ಸೇಬು, ಕಚೇರಿಗೆ ಹೋಗುವ ದಾರಿಯಲ್ಲಿ ಸಕ್ಕರೆರಹಿತ ಚೂಯಿಂಗ್ ಗಮ್. ಹತ್ತೂವರೆ ಆಗುವಷ್ಟರಲ್ಲಿ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಒಳಗಿನ ಗುಡುಗುಡು ಪಕ್ಕದ ಮೇಜಿನವರಿಗೂ ಕೇಳಿಸುತ್ತಿತ್ತು. ಓಮದ ನೀರು, ಜೀರಿಗೆ ಕಷಾಯ, ಸೋಡಾ, ಗ್ಯಾಸಿನ ಮಾತ್ರೆ ಎಲ್ಲವೂ ಆಯಿತು. ಎಣ್ಣೆ ಬಿಟ್ಟೆ, ಖಾರ ಬಿಟ್ಟೆ, ಪಾಪದ ಬದನೆಕಾಯಿಯನ್ನೂ ಬಿಟ್ಟೆ. ಬಿಡದೆ ಉಳಿಸಿಕೊಂಡದ್ದು ಆ ಜೇನು, ಆ ಸೇಬು, ಆ ಗಮ್. ಅವು ಆರೋಗ್ಯಕ್ಕೆ ಒಳ್ಳೆಯವಲ್ಲವೇ!

ನನ್ನ ಸಣ್ಣ ಕರುಳು ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯನ್ನು ಒಂದು ಮಿತಿಯಾಚೆ ಹೀರಿಕೊಳ್ಳುವುದಿಲ್ಲ ಎಂದು ತಿಳಿದದ್ದು ಆಮೇಲೆ. ನಾನು ವೈದ್ಯನಲ್ಲ. ಆದರೆ ಈ ಪತ್ತೆದಾರಿಕೆಯನ್ನು ಯಾವ ಕ್ರಮದಲ್ಲಿ ಮಾಡಬೇಕಿತ್ತು, ನಾನು ಎಲ್ಲೆಲ್ಲಿ ಅಡ್ಡದಾರಿ ಹಿಡಿದೆ ಎಂಬುದು ಈಗ ಗೊತ್ತು. ಇದೇ ಪಾಡು ಪಡುತ್ತಿರುವವರಿಗೆ ಆ ಕ್ರಮ ಇಲ್ಲಿದೆ.

ಮೊದಲು ಬಟ್ಟಲನ್ನು ನೋಡಿ

ಪೂಜೆಯ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಇರುತ್ತವೆ. ಯಾವ ಸಿಹಿ ಕರುಳಿನಲ್ಲಿ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠದ ಪೆಟ್ಟಿಗೆ ನನಗೆ ಸಿಕ್ಕಿಲ್ಲ.

ಹಾಲಿನಲ್ಲಿರುವುದು ಲ್ಯಾಕ್ಟೋಸ್. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 12 ಗ್ರಾಂ. ಅದನ್ನು ಒಡೆಯಲು ಸಣ್ಣ ಕರುಳಿನ ಗೋಡೆಯಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಯ ಮಕ್ಕಳಲ್ಲಿ ಅದು ಧಾರಾಳವಾಗಿರುತ್ತದೆ, ಬೆಳೆದಂತೆ ಜಗತ್ತಿನ ಬಹುಪಾಲು ಜನರಲ್ಲಿ ತಗ್ಗುತ್ತದೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೀಗೆ ತಗ್ಗುವುದು ಹೆಚ್ಚು. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದುಬಿಡುತ್ತವೆ, ಉಳಿದದ್ದನ್ನು ಒಡೆಯಲು ನಮ್ಮ ಕರುಳಿನೊಳಗೂ ನೆರವಾಗುತ್ತವೆ. ಅದಕ್ಕೇ ಹಾಲು ಆಗದ ಎಷ್ಟೋ ಮಂದಿಗೆ ಮೊಸರನ್ನ ಆಗುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ.

ಸಕ್ಕರೆ ಎಂದರೆ ಸುಕ್ರೋಸ್: ಒಂದು ಗ್ಲೂಕೋಸಿಗೆ ಒಂದು ಫ್ರಕ್ಟೋಸ್ ಕೈಹಿಡಿದು ನಿಂತ ಜೋಡಿ. ಬೆಲ್ಲವೂ ಬಹುಮಟ್ಟಿಗೆ ಇದೇ. ಜೇನಿನಲ್ಲಿ ಜೋಡಿಯ ಲೆಕ್ಕ ತಪ್ಪುತ್ತದೆ. 100 ಗ್ರಾಂ ಜೇನಿನಲ್ಲಿ ಫ್ರಕ್ಟೋಸ್ ಸುಮಾರು 38 ಗ್ರಾಂ, ಗ್ಲೂಕೋಸ್ 31 ಗ್ರಾಂ.

ಈ ವ್ಯತ್ಯಾಸವೇ ಮುಖ್ಯ. ಗ್ಲೂಕೋಸನ್ನು ಒಳಗೆಳೆದುಕೊಳ್ಳಲು ಕರುಳಿನಲ್ಲಿ ಪಂಪಿನಂತಹ ಬಲವಾದ ವ್ಯವಸ್ಥೆ ಇದೆ. ಭೇದಿಯಾದಾಗ ಕೊಡುವ ಓಆರ್‌ಎಸ್ ಕೆಲಸ ಮಾಡುವುದೂ ಅದರಿಂದಲೇ. ಫ್ರಕ್ಟೋಸಿಗೆ ಅಂತಹ ಪಂಪಿಲ್ಲ. ಗ್ಲಟ್-5 ಎಂಬ ಪ್ರೋಟೀನಿನ ಕಿರುಬಾಗಿಲು ಮಾತ್ರ. ಜೊತೆಗೆ ಗ್ಲೂಕೋಸ್ ಇದ್ದರೆ ಫ್ರಕ್ಟೋಸ್ ಸರಾಗವಾಗಿ ದಾಟುತ್ತದೆ. ಒಂಟಿಯಾಗಿ, ಗುಂಪಾಗಿ ಬಂದರೆ ಬಾಗಿಲಲ್ಲಿ ನೂಕುನುಗ್ಗಲು. ಒಳಗೆ ಹೋಗದೆ ಉಳಿದದ್ದು ನೀರನ್ನು ಸೆಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ಉಬ್ಬರ, ನುಲಿತ, ವಾಯು, ನೀರುಭೇದಿ ಎಲ್ಲ ಅದರ ಫಲ. ದೋಸೆ ಹಿಟ್ಟು ಉಬ್ಬುವ ಹಾಗೆಯೇ, ಪಾತ್ರೆ ಮಾತ್ರ ಬೇರೆ.

ಇದು ಅಲರ್ಜಿಯಲ್ಲ. ಮೈಮೇಲೆ ದದ್ದು, ಬಾಯಿ ಅಥವಾ ಗಂಟಲು ಊದುವುದು, ಉಸಿರು ಕಟ್ಟುವುದು ಇದ್ದರೆ ಅದು ಬೇರೆಯೇ ವಿಷಯ, ತುರ್ತಿನದು.

ಮೊದಲ ಹೆಜ್ಜೆ: ಈ ದಾರಿ ನಿಮ್ಮದಲ್ಲ ಎನ್ನುವ ಸೂಚನೆಗಳು

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಆಹಾರದ ಪ್ರಯೋಗ ಬೇಡ, ನೇರವಾಗಿ ವೈದ್ಯರ ಬಳಿಗೆ ಹೋಗಿ. ಕರುಳಿನ ಕ್ಷಯ, ಜಿಯಾರ್ಡಿಯಾ ಸೋಂಕು, ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಎಲ್ಲವೂ 'ಗ್ಯಾಸ್' ಎಂಬ ವೇಷ ಹಾಕಿಕೊಂಡೇ ಬರುತ್ತವೆ. ಗೋಧಿ ತಿಂದರೆ ಆಗುವುದಿಲ್ಲ ಎಂಬ ಅನುಮಾನವಿದ್ದರೆ ಸೀಲಿಯಾಕ್‌ನ ರಕ್ತಪರೀಕ್ಷೆಗೆ ಮೊದಲು ಚಪಾತಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯೇ ಸುಳ್ಳು ಹೇಳಬಹುದು.

ಇನ್ನೊಂದು ಸಂಗತಿಯನ್ನು ಎಳೆಮಕ್ಕಳ ತಾಯಂದಿರು ಗಮನವಿಟ್ಟು ಓದಬೇಕು. ಹುಟ್ಟಿನಿಂದ ಬರುವ ಫ್ರಕ್ಟೋಸ್ ಅಸಹಿಷ್ಣುತೆ ಎಂಬ ವಂಶವಾಹಿ ಕಾಯಿಲೆಯೊಂದಿದೆ. ಹೆಸರು ಹೋಲುತ್ತದೆ, ಕಾಯಿಲೆ ಪೂರಾ ಬೇರೆ. ಅಲ್ಲಿ ಕರುಳು ಫ್ರಕ್ಟೋಸನ್ನು ಚೆನ್ನಾಗಿಯೇ ಹೀರುತ್ತದೆ; ಆಲ್ಡೊಲೇಸ್-ಬಿ ಎಂಬ ಕಿಣ್ವವಿಲ್ಲದ ಕಾರಣ ಯಕೃತ್ತು ಅದನ್ನು ಅರಗಿಸಲಾರದು. ತಾಯಿಹಾಲು ಕುಡಿಯುವಷ್ಟು ದಿನ ಮಗು ಆರಾಮ, ಏಕೆಂದರೆ ಆ ಹಾಲಿನಲ್ಲಿ ಫ್ರಕ್ಟೋಸ್ ಇಲ್ಲ. ಸಕ್ಕರೆ, ಹಣ್ಣಿನ ರಸ, ಸಿಹಿ ಸಿರಪ್ಪು ಶುರುವಾದೊಡನೆ ವಾಂತಿ, ಬೆವರು, ಮಂಪರು, ರಕ್ತದ ಸಕ್ಕರೆ ಕುಸಿತ, ಕಾಮಾಲೆ. ಅಪರೂಪದ್ದು, ಆದರೆ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಅಪಾಯಕಾರಿ. ಇಂತಹವರಿಗೆ ಫ್ರಕ್ಟೋಸ್ ಕುಡಿಸಿ ಮಾಡುವ ಪರೀಕ್ಷೆ ಮಾಡಲೇಬಾರದು. ಚಿಕ್ಕಂದಿನಿಂದ ಸಿಹಿಯೆಂದರೆ ವಾಕರಿಕೆ ಬರುವ, ಸಿಹಿ ಮುಟ್ಟದ್ದರಿಂದ ಒಂದು ಹಲ್ಲೂ ಹುಳುಕಾಗದ ದೊಡ್ಡವರು ನಿಮ್ಮಲ್ಲಿದ್ದರೆ ವೈದ್ಯರಿಗೆ ಈ ಮಾತನ್ನು ಮರೆಯದೆ ಹೇಳಿ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿಯನ್ನಂತೂ ಎಲ್ಲರೂ ಕೈಬಿಡಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವೂ ಇದೆ.

ಎರಡನೆಯ ಹೆಜ್ಜೆ: ಎರಡು ವಾರದ ಲೆಕ್ಕದ ಪುಸ್ತಕ

ಏನನ್ನೂ ಬಿಡದೆ, ಎಂದಿನಂತೆ ತಿನ್ನುತ್ತಾ ಬರೆಯಿರಿ. ಗಂಟೆ, ತಿಂದದ್ದು, ಎಷ್ಟು, ಹೊಟ್ಟೆ ಯಾವಾಗ ಏನೆಂದಿತು, ಮಲ ಹೇಗಿತ್ತು. 'ಹಣ್ಣು' ಎಂದು ಬರೆದರೆ ಪ್ರಯೋಜನವಿಲ್ಲ; 'ಕಲ್ಲಂಗಡಿ, ದೊಡ್ಡ ಹೋಳು ಮೂರು, ಸಂಜೆ ಐದು' ಎಂದು ಬರೆಯಿರಿ. ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನಗಳು, ಪರೀಕ್ಷೆಯ ಗಡಿಬಿಡಿ ಕೂಡ ಬರಲಿ. ಕರುಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೊತ್ತಿನ ಅಂತರ ಒಳ್ಳೆಯ ಸುಳಿವು. ಹಾಲು ಅಥವಾ ಹಣ್ಣಿನ ಸಕ್ಕರೆಯ ಗಲಾಟೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಏಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳದ್ದು ಇನ್ನೂ ತಡವಾಗಿ ಬರಬಹುದು. ಹಾಗಾಗಿ ರಾತ್ರಿಯ ಉಬ್ಬರಕ್ಕೆ ರಾತ್ರಿಯೂಟವನ್ನೇ ದೂರಬೇಡಿ, ಮಧ್ಯಾಹ್ನದ ಪುಟ ತಿರುವಿ ನೋಡಿ.

ಮೂರನೆಯ ಹೆಜ್ಜೆ: ಸುಲಭದ ಕಳ್ಳರನ್ನು ಹೊರಗಟ್ಟುವುದು

ದೊಡ್ಡ ಪಥ್ಯಕ್ಕೆ ಇಳಿಯುವ ಮೊದಲು ಎರಡು ವಾರ ನಾಲ್ಕು ವಸ್ತು ಮಾತ್ರ ನಿಲ್ಲಿಸಿ: ಜೇನು, ಎಲ್ಲ ಬಗೆಯ ಹಣ್ಣಿನ ರಸ, ಸಕ್ಕರೆರಹಿತ ಸಿಹಿಗಳು, ಲೋಟಗಟ್ಟಲೆ ಹಾಲು. ನನ್ನ ಮಟ್ಟಿಗೆ ಮುಕ್ಕಾಲು ತೊಂದರೆ ಇಲ್ಲೇ ಮುಗಿಯಿತು.

ರಸವೇಕೆ? ಒಂದು ಸೇಬನ್ನು ಕಚ್ಚಿ ತಿನ್ನಲು ಹತ್ತು ನಿಮಿಷ ಬೇಕು, ಮೂರು ಸೇಬಿನ ರಸ ಮೂರು ಗುಟುಕಿನಲ್ಲಿ ಒಳಗಿರುತ್ತದೆ. ಬಾಗಿಲು ಕಿರಿದಾದವರಿಗೆ ಬರುವ ಜನ ಎಷ್ಟು ಎಂಬುದಷ್ಟೇ ಅಲ್ಲ, ಎಷ್ಟು ಬೇಗ ಬಂದರು ಎಂಬುದೂ ಮುಖ್ಯ.

ಸಕ್ಕರೆರಹಿತ ಎಂದು ಬರೆದ ಗಮ್, ಚಾಕೊಲೇಟ್, ಮಧುಮೇಹಿಗಳ ಮಿಠಾಯಿ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್, ಮ್ಯಾನಿಟಾಲ್, ಜೈಲಿಟಾಲ್ ಎಂಬ ಸಿಹಿಕಾರಕಗಳು ಇರುತ್ತವೆ. ಪೊಟ್ಟಣದ ಹಿಂಬದಿಯಲ್ಲಿ ಹೆಸರಿಲ್ಲದಿದ್ದರೆ ಐಎನ್‌ಎಸ್ ಸಂಖ್ಯೆ (ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಗುರುತಿಸುವ ಅಂಕಿ) ಹುಡುಕಿ: 420 ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಜೈಲಿಟಾಲ್. ಇವನ್ನು ಯಾರ ಸಣ್ಣ ಕರುಳೂ ಪೂರ್ತಿ ಹೀರಿಕೊಳ್ಳುವುದಿಲ್ಲ. ಅದರಲ್ಲೂ ಸಾರ್ಬಿಟಾಲ್ ಫ್ರಕ್ಟೋಸ್ ಜೊತೆಗೂಡಿದರೆ ಎರಡರ ಹೀರುವಿಕೆಯೂ ಕೆಡುತ್ತದೆ. ಸೇಬಿನಲ್ಲಿ ಎರಡೂ ಹುಟ್ಟಿನಿಂದಲೇ ಒಟ್ಟಿಗಿವೆ. ಸೇಬು ತಿಂದು ಗಮ್ ಅಗಿದ ನನ್ನ ಜಾಣತನಕ್ಕೆ ಏನು ಹೇಳಲಿ.

ಹಾಲನ್ನು ಮಾತ್ರ ಪೂರ್ತಿ ಬಿಡಬೇಕಿಲ್ಲ. ಫಿಲ್ಟರ್ ಕಾಫಿಗೆ ಬೀಳುವ ಕಾಲು ಲೋಟ ಹಾಲಿನಲ್ಲಿ ಮೂರು ಗ್ರಾಂ ಲ್ಯಾಕ್ಟೋಸ್ ಇದ್ದೀತು. ಲ್ಯಾಕ್ಟೇಸ್ ಕಡಿಮೆ ಇರುವ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಂವರೆಗೂ ತಾಳಬಲ್ಲರು, ಊಟದ ಜೊತೆಗಾದರೆ ಇನ್ನೂ ಸಲೀಸು. ಆದರೆ ಖೋವಾದ ಸಿಹಿತಿಂಡಿ, ಬಾಸುಂದಿಗಳಲ್ಲಿ ಹಾಲು ಬತ್ತಿ ಲ್ಯಾಕ್ಟೋಸ್ ದಟ್ಟವಾಗಿರುತ್ತದೆ ಎಂಬುದು ನೆನಪಿರಲಿ. ಹೊಟ್ಟೆ ಕೆಟ್ಟು ಭೇದಿಯಾದ ಮೇಲೆ ಕೆಲವು ವಾರ ಹಾಲು ಆಗದಿರುವುದೂ ಉಂಟು. ಕರುಳಿನ ಒಳಪದರ ಚೇತರಿಸಿಕೊಂಡಂತೆ ಅದು ಸರಿಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಉಸಿರಿನ ಪರೀಕ್ಷೆ, ಬೇಕೆನಿಸಿದರೆ

ದೊಡ್ಡ ನಗರಗಳ ಆಸ್ಪತ್ರೆಗಳ ಜೀರ್ಣಾಂಗ ವಿಭಾಗಗಳಲ್ಲಿ ಹೈಡ್ರೋಜನ್ ಉಸಿರಿನ ಪರೀಕ್ಷೆ ಮಾಡುತ್ತಾರೆ. ಕರುಳಿನಲ್ಲಿ ಹುಟ್ಟಿದ ಹೈಡ್ರೋಜನ್ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬೀಳುತ್ತದೆ. ಅದನ್ನು ಅಳೆಯುವುದಷ್ಟೇ ಇಲ್ಲಿನ ಉಪಾಯ. 25 ಗ್ರಾಂ ಫ್ರಕ್ಟೋಸ್ ಅಥವಾ ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿ, ಎರಡು ಮೂರು ಗಂಟೆ ಕಾಲ ಆಗಾಗ ಕೊಳವೆಗೆ ಊದಿಸುತ್ತಾರೆ. ಆರಂಭದ ಮಟ್ಟಕ್ಕಿಂತ ಹತ್ತು ಲಕ್ಷಕ್ಕೆ 20 ಭಾಗ ಏರಿದರೆ ಹೀರಿಕೊಳ್ಳಲಿಲ್ಲ ಎಂದು ಅರ್ಥ. ಕೆಲವರ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಬದಲು ಮೀಥೇನ್ ಬಿಡುವುದರಿಂದ ಎರಡನ್ನೂ ಅಳೆಯುವ ಯಂತ್ರವಿದ್ದರೆ ಒಳ್ಳೆಯದು.

ಹಿಂದಿನ ದಿನ ಬರೀ ಅನ್ನ, ಉಪ್ಪು, ಬೇಕಿದ್ದರೆ ಸ್ವಲ್ಪ ತುಪ್ಪ. ಅಕ್ಕಿ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಅರಗುವ ಧಾನ್ಯ, ದೊಡ್ಡ ಕರುಳಿಗೆ ಕೆಲಸ ಉಳಿಸುವುದಿಲ್ಲ. ರಾತ್ರಿಯಿಂದ ಉಪವಾಸ. ನಾಲ್ಕು ವಾರದೊಳಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಪರೀಕ್ಷೆ ಮುಂದೂಡಿ. ಬೀಡಿ ಸಿಗರೇಟು ಬೇಡ. ಮಧುಮೇಹಿಗಳು ಮೊದಲೇ ತಿಳಿಸಬೇಕು.

ಫಲಿತಾಂಶದ ಕಾಗದ ಹಿಡಿದು ಕಂಗಾಲಾಗುವ ಮೊದಲು ಒಂದು ಮಾತು. ಒಂದೇ ಏಟಿಗೆ 50 ಗ್ರಾಂ ಫ್ರಕ್ಟೋಸ್ ಕುಡಿಸಿದರೆ ಆರೋಗ್ಯವಂತರಲ್ಲೂ ಬಹಳ ಮಂದಿ ಹೀರಿಕೊಳ್ಳಲಾರರು. ಉಸಿರಿನಲ್ಲಿ ಹೈಡ್ರೋಜನ್ ಏರಿತು, ಹೊಟ್ಟೆ ತಣ್ಣಗಿತ್ತು ಎಂದಾದರೆ ನೀವು ಬಿಡಬೇಕಾದದ್ದು ಏನೂ ಇಲ್ಲ. ಆ ಮೂರು ಗಂಟೆ ನಿಮಗೆ ಏನನಿಸಿತು ಎಂಬುದು ಯಂತ್ರದ ಅಂಕಿಯಷ್ಟೇ ಮುಖ್ಯ. ಇನ್ನು ರಕ್ತದ ಒಂದು ಮಾದರಿಯಿಂದ ನೂರಾರು ಆಹಾರಗಳ 'ಅಸಹಿಷ್ಣುತೆ' ಹೇಳುತ್ತೇವೆ ಎನ್ನುವ ಐಜಿಜಿ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಆ ಪಟ್ಟಿ ನೀವು ಏನು ತಿನ್ನುತ್ತಿದ್ದೀರಿ ಎಂಬುದನ್ನು ಹೇಳೀತು, ಏನು ಆಗುವುದಿಲ್ಲ ಎಂಬುದನ್ನಲ್ಲ. ನಾನು ಸುರಿದಿದ್ದೇನೆ. ಬಂದ ಪಟ್ಟಿಯಲ್ಲಿ ತೆಂಗಿನಕಾಯಿ ಇತ್ತು, ಜೇನು ಇರಲಿಲ್ಲ.

ಐದನೆಯ ಹೆಜ್ಜೆ: ಕೆಲವೇ ವಾರಗಳ ಪಥ್ಯ

ಮೇಲಿನ ನಾಲ್ಕನ್ನು ಬಿಟ್ಟರೂ ತೊಂದರೆ ಉಳಿದರೆ ಅಪರಾಧಿ ಬೇರೆಯೂ ಇರಬಹುದು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟೋಸಿನ ಸರಪಳಿಗಳಾದ ಫ್ರಕ್ಟಾನ್‌ಗಳಿವೆ, ಕಾಳುಗಳಲ್ಲಿ ಗ್ಯಾಲಕ್ಟೋಸಿನ ಸರಪಳಿಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯರಲ್ಲೇ ಇಲ್ಲ. ಈ ಎಲ್ಲ ಹುದುಗುವ ಸಕ್ಕರೆಗಳನ್ನೂ ಒಟ್ಟಾಗಿ ಫಾಡ್‌ಮ್ಯಾಪ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪಥ್ಯ ಇದನ್ನೇ ಆಧರಿಸಿದೆ. ಎರಡರಿಂದ ಆರು ವಾರ ಎಲ್ಲವನ್ನೂ ತಗ್ಗಿಸಿ, ಆಮೇಲೆ ಒಂದೊಂದಾಗಿ ಮರಳಿಸುವುದು ಅದರ ಕ್ರಮ. ಆರು ವಾರ ಮೀರಿಸಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟವೂ ಇದೇ ಸಕ್ಕರೆಗಳಾದ್ದರಿಂದ ಉದ್ದದ ಪಥ್ಯದಲ್ಲಿ ಅವು ಸೊರಗುತ್ತವೆ. ಮಕ್ಕಳು, ಗರ್ಭಿಣಿಯರು, ಮೊದಲೇ ತೂಕ ಕಡಿಮೆ ಇರುವವರು ಆಹಾರತಜ್ಞರಿಲ್ಲದೆ ಇದಕ್ಕೆ ಕೈಹಾಕಬಾರದು.

ನಮ್ಮ ಅಡುಗೆಮನೆಯಲ್ಲಿ ಇದು ಅಂದುಕೊಂಡಷ್ಟು ಕಷ್ಟವಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ನಮ್ಮಲ್ಲಿ ಎಷ್ಟೋ ಮನೆಗಳ ನಿತ್ಯದ ಅಡುಗೆ. ಹೋಟೆಲಿನಲ್ಲಿ ಫಾಡ್‌ಮ್ಯಾಪ್ ಎಂದರೆ ಮಾಣಿ ಮುಖ ನೋಡಿಯಾನು, 'ಜೈನ್ ಊಟ' ಎಂದರೆ ಕೂಡಲೇ ಅರ್ಥವಾಗುತ್ತದೆ. ಇಂಗಿನ ಒಗ್ಗರಣೆ ಬೆಳ್ಳುಳ್ಳಿಯ ಕೊರತೆಯನ್ನು ಬಹುಪಾಲು ತುಂಬುತ್ತದೆ. ಸೀಲಿಯಾಕ್ ಇದ್ದವರು ಮಾತ್ರ ಇಂಗಿನ ಡಬ್ಬಿಯಲ್ಲಿ ಗೋಧಿಹಿಟ್ಟು ಬೆರೆತಿದೆಯೇ ಎಂದು ನೋಡಿಕೊಳ್ಳಬೇಕು. ಬೆಳ್ಳುಳ್ಳಿಯ ಪರಿಮಳ ಬೇಕೇ ಬೇಕು ಎನ್ನುವವರು ಇಡೀ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದು ಬಿಸಾಡಬಹುದು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾರಿನಲ್ಲಿ ಕುದಿಸಿ ಎಸಳು ಹೆಕ್ಕಿದರೆ ಉಪಯೋಗವಿಲ್ಲ, ಅದು ಆಗಲೇ ಸಾರಿಗೆ ಇಳಿದಿರುತ್ತದೆ.

ಇದೇ ಕಾರಣಕ್ಕೆ ಬಸ್ಸಾರಿನ ಬಗ್ಗೆ ಎರಡು ಮಾತು ಹೇಳಬೇಕು. ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ. ಕಾಳಿನ ಸಕ್ಕರೆ ಸರಪಳಿಗಳೂ ನೀರಿನಲ್ಲಿ ಕರಗುವಂಥವು, ಎಂದರೆ ದೊಡ್ಡ ಪಾಲು ಆ ರುಚಿಯಾದ ಸಾರಿನಲ್ಲಿದೆ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯ ಖಾರವೂ. ಹೊಟ್ಟೆ ಉಬ್ಬಿದಾಗ ನಾವು ಕಾಳಿನ ಪಲ್ಯವನ್ನು ಬೈದು ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇವೆ! ಪಥ್ಯದ ವಾರಗಳಲ್ಲಿ ತಿರುಗಿಸಿ ಮಾಡಿ: ಕಾಳು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಿಟ್ಟು, ಸ್ವಲ್ಪ ಪಲ್ಯ ತಿನ್ನಿ. ಹೆಸರುಬೇಳೆ ಉಳಿದ ಬೇಳೆಗಳಿಗಿಂತ ಹಗುರ, ಹಿಡಿಯಷ್ಟು ಕೋಸಂಬರಿ ಹೆಚ್ಚಿನವರಿಗೆ ಆಗುತ್ತದೆ.

ಹಣ್ಣಿನಲ್ಲಿ ಕಿತ್ತಳೆ, ಮೂಸಂಬಿ, ಪರಂಗಿ, ಅನಾನಸ್, ತೀರಾ ಕಳಿಯದ ಬಾಳೆಹಣ್ಣು ಇಟ್ಟುಕೊಳ್ಳಿ. ಸೇಬು, ಪೇರ್, ಕಲ್ಲಂಗಡಿ, ಮಾವು, ಕೈತುಂಬ ಖರ್ಜೂರ, ಒಣದ್ರಾಕ್ಷಿ ಸದ್ಯಕ್ಕೆ ದೂರವಿರಲಿ. ಇಡ್ಲಿ, ಅಕ್ಕಿರೊಟ್ಟಿ, ಅನ್ನಕ್ಕೆ ಅಡ್ಡಿಯಿಲ್ಲ. ರಾಗಿಮುದ್ದೆ ನನಗೆ ಯಾವತ್ತೂ ತಕರಾರು ಮಾಡಲಿಲ್ಲ. ಹಾಲು ಕಡಿಮೆ ಮಾಡಿದವರಿಗೆ ಸುಣ್ಣದ ಅಂಶ ಒದಗಿಸುವುದೂ ರಾಗಿಯೇ, ಜೊತೆಗೆ ಎಳ್ಳು, ಸೊಪ್ಪು, ಮೊಸರು.

ಆರನೆಯ ಹೆಜ್ಜೆ: ಒಂದೊಂದನ್ನೇ ಕರೆದು ವಿಚಾರಿಸಿ

ಬಹಳ ಮಂದಿ ಎಡವುವುದು ಇಲ್ಲಿ. ಹೊಟ್ಟೆ ಹಗುರಾಯಿತಲ್ಲ ಎಂದು ಪಥ್ಯದಲ್ಲೇ ಉಳಿದುಬಿಡುತ್ತಾರೆ, ಇಲ್ಲವೇ ಒಂದು ಮದುವೆ ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಮರಳಿಸುತ್ತಾರೆ.

ಪಥ್ಯವನ್ನು ಹಾಗೇ ಇಟ್ಟುಕೊಂಡು ಒಂದು ಸಕ್ಕರೆಯನ್ನು ಮೂರು ದಿನ ಪರೀಕ್ಷಿಸಿ. ಫ್ರಕ್ಟೋಸಿಗೆ ಜೇನು: ಮೊದಲ ದಿನ ಒಂದು ಚಿಕ್ಕ ಚಮಚ, ಮರುದಿನ ಎರಡು, ಮೂರನೆಯ ದಿನ ಒಂದು ದೊಡ್ಡ ಚಮಚ. ಲ್ಯಾಕ್ಟೋಸಿಗೆ ಹಾಲು: ಕಾಲು ಲೋಟ, ಅರ್ಧ, ಒಂದು. ಗೋಧಿಗೆ ಒಂದು ಚಪಾತಿಯಿಂದ ಶುರು. ಬೆಳ್ಳುಳ್ಳಿ, ಈರುಳ್ಳಿ ಬೇರೆ ಬೇರೆ ವಾರ. ಮ್ಯಾನಿಟಾಲಿಗೆ ಅಣಬೆ. ತೊಂದರೆ ಎದ್ದ ದಿನವೇ ನಿಲ್ಲಿಸಿ, ಆ ಅಳತೆ ಬರೆದುಕೊಳ್ಳಿ. ಎರಡು ಪರೀಕ್ಷೆಗಳ ನಡುವೆ ಎರಡು ಮೂರು ದಿನ ಬಿಡುವು. ಸೇಬಿನಿಂದ ಪರೀಕ್ಷೆ ಮಾಡಬೇಡಿ. ಸೋತರೆ ಅದು ಫ್ರಕ್ಟೋಸೋ ಸಾರ್ಬಿಟಾಲೋ ಗೊತ್ತಾಗುವುದಿಲ್ಲ.

ಮುಗಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿಯುವುದು ನಿಷೇಧಗಳ ಪಟ್ಟಿಯಲ್ಲ, ಅಳತೆಗಳ ಪಟ್ಟಿ. ನನ್ನದು ಹೀಗಿದೆ: ಜೇನು ಒಂದು ಚಿಕ್ಕ ಚಮಚ ಸರಿ, ಎರಡು ಬೇಡ. ಹಾಲು ಒಂದು ಲೋಟ ಸರಿ. ಈರುಳ್ಳಿ ಒಗ್ಗರಣೆಗೆ ಸರಿ, ಹಸಿ ಈರುಳ್ಳಿಯ ಮೊಸರುಬಜ್ಜಿ ಬೇಡ. ಸೇಬು ಕಾಲು ಭಾಗ. ಹೋಳಿಗೆ ತಿನ್ನಬಹುದು, ಬೆಲ್ಲದಿಂದ ನನಗೆ ಏನೂ ಆಗುವುದಿಲ್ಲ. ಬೇಳೆಯ ಹೂರಣದಿಂದ ಎರಡನೆಯದಕ್ಕೆ ಎಚ್ಚರಿಕೆ. ಪೂಜೆಯ ಪಂಚಾಮೃತ ಒಂದು ಉದ್ಧರಣೆಯಷ್ಟು, ಸಂಕೋಚವಿಲ್ಲದೆ. ಹಾಲಿಗೆ ಲ್ಯಾಕ್ಟೇಸ್ ಮಾತ್ರೆ ಸಿಗುತ್ತದೆ, ಪ್ರಯಾಣದಲ್ಲಿ ಬೇಕೆನಿಸಿದವರು ವೈದ್ಯರನ್ನು ಕೇಳಿ ಇಟ್ಟುಕೊಳ್ಳಬಹುದು.

ಈ ಅಳತೆ ಶಾಶ್ವತವಲ್ಲ. ಸೋತ ಪದಾರ್ಥವನ್ನು ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಕರೆಯಿರಿ. 100 ಗ್ರಾಂ ಮಾವಿನಲ್ಲಿ ಫ್ರಕ್ಟೋಸ್ ಸುಮಾರು ನಾಲ್ಕೂವರೆ ಗ್ರಾಂ, ಗ್ಲೂಕೋಸ್ ಎರಡು. ಹಾಗಾಗಿ ಎರಡು ಬಟ್ಟಲು ಸೀಕರಣೆಗೆ ಕಳೆದ ಬೇಸಿಗೆಯಲ್ಲಿ ನಾನು ಸೋತಿದ್ದೆ, ಅದೂ ಖಾಲಿ ಹೊಟ್ಟೆಯಲ್ಲಿ. ಈ ಸಲ ಊಟವಾದ ಮೇಲೆ, ಬಾದಾಮಿ ಮಾವಿನ ಎರಡು ಹೋಳಿನಿಂದ ಶುರು ಮಾಡುತ್ತೇನೆ. ಪುಸ್ತಕದಲ್ಲಿ ಪುಟ ಬಿಟ್ಟಿದ್ದೇನೆ.